ಲೈಸೆನ್ಸ್ ಬೇಡ ಎಂದ ಮೇಲೂ ಲೈಸೆನ್ಸ್ ಯಾಕೆ? ಟೆಕ್ಸಸ್ ಕನ್ನಡಿಗರೊಂದಿಗೆ ಒಂದು ಮಾತುಕತೆ

(ಡಾಲಸ್ ಪಕ್ಕದ ಪ್ಲೇನೋದಲ್ಲಿ ಕನ್ನಡಿಗರ ಸಭೆಯೊಂದರಲ್ಲಿ ಆಡಿದ ಮಾತುಗಳಿವು. ಬರೆಯುವಾಗ ಸ್ವಲ್ಪ ಜೋಡಿಸಿದ್ದೇನೆ. ಸಭಿಕರು ಕೇಳಿದ ಪ್ರಶ್ನೆಗಳನ್ನೂ ಅಲ್ಲಲ್ಲಿ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ನಾನು ಇಲ್ಲಿ ಹ್ಯಾಂಡ್‌ಗನ್, ಅಂದರೆ ಪಿಸ್ತೂಲು, ರಿವಾಲ್ವರ್ ಜೊತೆಗೆ ಒಯ್ಯುವ ಲೈಸೆನ್ಸಿನ ತರಗತಿ ತೆಗೆದುಕೊಳ್ಳುತ್ತೇನೆ. ನಮ್ಮವರು ಸಿಕ್ಕಾಗಲೆಲ್ಲ ಕೇಳುವ ಪ್ರಶ್ನೆ ಒಂದೇ. "ಸಾರ್, ಟೆಕ್ಸಸ್‌ನಲ್ಲಿ ಈಗ ಲೈಸೆನ್ಸೇ ಬೇಡ ಅಂತ ಆಗಿದೆಯಲ್ಲ. ಮತ್ಯಾಕೆ ಸುಮ್ನೆ ದುಡ್ಡು ಕೊಟ್ಟು ಕ್ಲಾಸಿಗೆ ಬರಬೇಕು?" ಕೇಳಬೇಕಾದ ಪ್ರಶ್ನೆಯೇ. ಇವತ್ತಿನ ಮಾತೆಲ್ಲ ಅದಕ್ಕೆ ಉತ್ತರ.

ನಾನು ವಕೀಲನಲ್ಲ. ತರಗತಿಯಲ್ಲಿ ಕಲಿಸುವ ಕಾನೂನನ್ನು ಕನ್ನಡದಲ್ಲಿ ಹೇಳುತ್ತಿದ್ದೇನೆ, ಅಷ್ಟೇ. ನಿಮ್ಮ ಮೇಲೆ ಕೇಸು ಬಿದ್ದರೆ, ಅಥವಾ ನಿಮ್ಮ ವೀಸಾ ವಿಚಾರದಲ್ಲಿ ಅನುಮಾನ ಬಂದರೆ, ವಕೀಲರನ್ನೇ ಕಾಣಬೇಕು. ಗನ್ ಇಟ್ಟುಕೊಳ್ಳಿ ಎಂದು ಹೇಳುವುದಕ್ಕೂ ನಾನು ಬಂದಿಲ್ಲ. ಅದು ಒಂದೊಂದು ಮನೆಯವರು ಕೂತು ಮಾತಾಡಿ ತೀರ್ಮಾನಿಸುವ ವಿಷಯ. ಆದರೆ 2023ರ ಮೇ 6ರಂದು ಇಲ್ಲೇ ಅಲೆನ್‌ನ ಔಟ್‌ಲೆಟ್ ಮಾಲ್‌ನಲ್ಲಿ ಒಬ್ಬ ಗುಂಡು ಹಾರಿಸಿ 8 ಜನರನ್ನು ಕೊಂದನಲ್ಲ, ಅದಾದ ಮೇಲೆ ನಮ್ಮವರಲ್ಲಿ ಗನ್ ಬಗ್ಗೆ ವಿಚಾರಿಸುವವರು ಜಾಸ್ತಿಯಾದರು. ಅಂಗಡಿಗೆ ಹೋಗಿ ತಂದವರೂ ಇದ್ದಾರೆ. ತಂದ ಮೇಲೆ ಕಾನೂನು ಗೊತ್ತಿರಲೇಬೇಕು. ನನ್ನ ಕಾಳಜಿ ಅದು.

ಮೊದಲು, 2021ರಲ್ಲಿ ಏನು ಬದಲಾಯಿತು ಎಂದು ನೋಡೋಣ. ಹೌಸ್ ಬಿಲ್ 1927 ಎಂಬ ಮಸೂದೆಗೆ ಗವರ್ನರ್ ಗ್ರೆಗ್ ಅಬಟ್ ಜೂನ್ ತಿಂಗಳಲ್ಲಿ ಸಹಿ ಹಾಕಿದರು. ಸೆಪ್ಟೆಂಬರ್ 1ರಿಂದ ಅದು ಜಾರಿಗೆ ಬಂತು. ಅಲ್ಲಿಯವರೆಗೆ ಲೈಸೆನ್ಸ್ ಇಲ್ಲದೆ ಹ್ಯಾಂಡ್‌ಗನ್ ಜೊತೆಗಿಟ್ಟುಕೊಂಡು ಬೀದಿಯಲ್ಲಿ ಓಡಾಡುವುದು ಅಪರಾಧವಾಗಿತ್ತು. ಸ್ವಂತ ಮನೆ, ಸ್ವಂತ ಕಾರು ಬಿಟ್ಟರೆ ಬೇರೆಡೆ ಇಲ್ಲ. ಈಗ 21 ವರ್ಷ ತುಂಬಿದ, ಗನ್ ಇಟ್ಟುಕೊಳ್ಳಲು ಕಾನೂನಿನ ಅಡ್ಡಿ ಇಲ್ಲದ ಯಾರಾದರೂ ಲೈಸೆನ್ಸ್ ಇಲ್ಲದೆಯೂ ಒಯ್ಯಬಹುದು. ಗನ್ ಹೊರಗೆ ಕಾಣುವಂತಿದ್ದರೆ ಅದು ಹೋಲ್‌ಸ್ಟರ್ ಎಂಬ ಗನ್ ಚೀಲದಲ್ಲಿರಬೇಕು. ಹಿಂದಿನ 5 ವರ್ಷಗಳಲ್ಲಿ ಹೊಡೆದಾಟ, ಬೆದರಿಕೆಯಂಥ ಕೆಲವು ಸಣ್ಣ ಅಪರಾಧಗಳಲ್ಲಿ ಶಿಕ್ಷೆಯಾಗಿದ್ದರೆ ಈ ಸವಲತ್ತು ಇಲ್ಲ.

ಈ ಕಾನೂನು ಟೆಕ್ಸಸ್ ದಂಡಸಂಹಿತೆಯಿಂದ ಒಂದು ಅಪರಾಧವನ್ನು ತೆಗೆಯಿತು. ಹಳೆಯ ಲೈಸೆನ್ಸನ್ನು ರದ್ದು ಮಾಡಲಿಲ್ಲ. ಇಡೀ ದೇಶಕ್ಕೆ ಅನ್ವಯಿಸುವ, ವಾಷಿಂಗ್ಟನ್‌ನ ಫೆಡರಲ್ ಕಾನೂನನ್ನು ಮುಟ್ಟಲಿಲ್ಲ, ಮುಟ್ಟಲು ಟೆಕ್ಸಸ್‌ಗೆ ಅಧಿಕಾರವೂ ಇಲ್ಲ. ಪಕ್ಕದ ರಾಜ್ಯಗಳ ಕಾನೂನು ಹಾಗೇ ಇದೆ. ಈ ಎಲ್ಲ ಕಾನೂನುಗಳು ಒಂದಲ್ಲ ಒಂದು ಕಡೆ "ಲೈಸೆನ್ಸ್ ಇದೆಯಾ?" ಎಂದು ಈಗಲೂ ಕೇಳುತ್ತವೆ. ಆಗ ತೋರಿಸಲು ಕೈಯಲ್ಲಿ ಕಾರ್ಡ್ ಇರಬೇಕು.

ಈ ಲೈಸೆನ್ಸ್ ಬಂದ ಹಿನ್ನೆಲೆಯನ್ನೂ ಎರಡು ಮಾತಿನಲ್ಲಿ ಹೇಳುತ್ತೇನೆ. 1991ರ ಅಕ್ಟೋಬರ್ 16ರಂದು ಕಿಲೀನ್ ಊರಿನ ಲೂಬೀಸ್ ಕೆಫೆಟೇರಿಯಾಕ್ಕೆ ಒಬ್ಬ ಟ್ರಕ್ ನುಗ್ಗಿಸಿ, ಇಳಿದು, 23 ಜನರನ್ನು ಕೊಂದ. ಅಲ್ಲಿ ಊಟಕ್ಕೆ ಕೂತಿದ್ದ ಸುಜಾನಾ ಗ್ರೇಷಿಯಾ ಹಪ್ ಅವರ ಕಣ್ಣೆದುರೇ ತಂದೆ ತಾಯಿ ಇಬ್ಬರೂ ಸತ್ತರು. ಸುಜಾನಾ ಅವರ ಗನ್ ಹೊರಗೆ ಕಾರಿನಲ್ಲಿತ್ತು, ಕಾನೂನು ಒಳಗೆ ಒಯ್ಯಲು ಬಿಡುತ್ತಿರಲಿಲ್ಲ. ಆಮೇಲೆ ಅವರು ಊರೂರು ಸುತ್ತಿ ಇದನ್ನೇ ಹೇಳಿದರು, ಮುಂದೆ ಶಾಸಕಿಯೂ ಆದರು. 1995ರಲ್ಲಿ ಗವರ್ನರ್ ಆಗಿದ್ದ ಜಾರ್ಜ್ ಬುಷ್ ಲೈಸೆನ್ಸ್ ಕಾನೂನಿಗೆ ಸಹಿ ಹಾಕಿದರು. ಮೊದಲು ಅದು ಬಚ್ಚಿಟ್ಟು ಒಯ್ಯುವುದಕ್ಕೆ ಮಾತ್ರ ಇತ್ತು. 2016ರ ಜನವರಿಯಿಂದ ಲೈಸೆನ್ಸ್ ಇದ್ದವರು ಕಾಣುವಂತೆಯೂ ಒಯ್ಯಬಹುದು ಎಂದಾಯಿತು. ಅಂದರೆ ಈ ಲೈಸೆನ್ಸಿನ ಸುತ್ತ ಸುಮಾರು 25 ವರ್ಷ ಕಾನೂನುಗಳು ಹೆಣೆದುಕೊಂಡು ಬಂದಿವೆ. 2021ರಲ್ಲಿ ಒಂದು ಎಳೆಯನ್ನು ಎಳೆದು ತೆಗೆದರು. ಉಳಿದವು ಹಾಗೇ ಇವೆ.

ಮುಂದೆ ಹೋಗುವ ಮೊದಲು ಒಂದು ವಿಷಯವನ್ನು ಒತ್ತಿ ಹೇಳಬೇಕು. ಇಲ್ಲಿ ಕೂತಿರುವ ಎಷ್ಟೋ ಜನ ಎಚ್1ಬಿ, ಎಲ್1, ಎಫ್1 ವೀಸಾದಲ್ಲಿದ್ದೀರಿ. ನಿಮ್ಮ ಅಪ್ಪ ಅಮ್ಮ ವಿಸಿಟರ್ ವೀಸಾದಲ್ಲಿ ಬಂದು ಹೋಗುತ್ತಾರೆ. ಇವೆಲ್ಲ ತಾತ್ಕಾಲಿಕ ವೀಸಾಗಳು. ತಾತ್ಕಾಲಿಕ ವೀಸಾದಲ್ಲಿ ದೇಶದೊಳಗೆ ಬಂದವರು ಗನ್ ಆಗಲಿ ಗುಂಡಾಗಲಿ ಇಟ್ಟುಕೊಳ್ಳುವುದನ್ನು ಫೆಡರಲ್ ಕಾನೂನು ನಿಷೇಧಿಸಿದೆ. 2022ರಲ್ಲಿ ಬಂದ ತಿದ್ದುಪಡಿಯ ನಂತರ ಇದಕ್ಕೆ 15 ವರ್ಷದವರೆಗೆ ಜೈಲು ಆಗಬಹುದು. ಗನ್ ಅಪರಾಧದಲ್ಲಿ ಶಿಕ್ಷೆಯಾದರೆ ದೇಶದಿಂದ ಹೊರಹಾಕಲೂ ಅದೇ ಕಾರಣ ಸಾಕು. "ಲೈಸೆನ್ಸ್ ಬೇಡ" ಎಂಬ ಟೆಕ್ಸಸ್ ಕಾನೂನು ನಿಮಗೆ ಅನ್ವಯಿಸುವುದೇ ಇಲ್ಲ. ಗನ್ ಇಟ್ಟುಕೊಳ್ಳಲು ಅಡ್ಡಿ ಇಲ್ಲದವರಿಗೆ ಮಾತ್ರ ಅದು.

ಬೇಟೆಯ ಲೈಸೆನ್ಸ್ ಇದ್ದರೆ ಒಂದು ವಿನಾಯಿತಿ ಇದೆ. ಅದು ನಿಜ. ಆನ್‌ಲೈನ್‌ನಲ್ಲಿ ಹತ್ತು ನಿಮಿಷದಲ್ಲಿ ಬೇಟೆ ಲೈಸೆನ್ಸ್ ಕೊಂಡು "ಎಲ್ಲ ಸರಿಹೋಯಿತು" ಎಂದುಕೊಳ್ಳುವವರನ್ನು ನೋಡಿ ನನಗೆ ಭಯವಾಗುತ್ತದೆ. ವಲಸೆ ವಕೀಲರನ್ನು ಕೇಳದೆ ಆ ವಿನಾಯಿತಿಯನ್ನು ನಂಬಿ ಕೂರಬೇಡಿ. ಹತ್ತು ಹನ್ನೆರಡು ವರ್ಷ ಗ್ರೀನ್ ಕಾರ್ಡಿಗೆ ಕಾದವರು ಒಂದು ಪಿಸ್ತೂಲಿಗೋಸ್ಕರ ಅದನ್ನು ಪಣಕ್ಕಿಡುವುದು ಬೇಡ.

ಒಬ್ಬರು ಕೇಳಿದರು, "ಶೂಟಿಂಗ್ ರೇಂಜಿಗೆ ಹೋಗಿ ಬಾಡಿಗೆ ಗನ್‌ನಲ್ಲಿ ನಾಲ್ಕು ಗುಂಡು ಹೊಡೆದು ಬಂದರೆ? ಮನೆಗೇನೂ ತರುವುದಿಲ್ಲವಲ್ಲ." ಇದಕ್ಕೆ ಸುಪ್ರೀಂ ಕೋರ್ಟಿನವರೆಗೆ ಹೋದ ಒಂದು ಕೇಸೇ ಇದೆ. ಫ್ಲೋರಿಡಾಕ್ಕೆ ವಿದ್ಯಾರ್ಥಿ ವೀಸಾದಲ್ಲಿ ಬಂದ ಒಬ್ಬರು ಕಾಲೇಜಿನಿಂದ ಹೊರಬಿದ್ದ ಮೇಲೆ ರೇಂಜಿಗೆ ಹೋಗಿ ಗುಂಡು ಹೊಡೆದರು. ಅಷ್ಟಕ್ಕೇ ಕೇಸಾಯಿತು, ಶಿಕ್ಷೆಯೂ ಆಯಿತು. ತನ್ನ ವೀಸಾ ಸ್ಥಿತಿ ಏನೆಂದು ಆತನಿಗೆ ಗೊತ್ತಿತ್ತು ಎಂಬುದನ್ನು ಸರ್ಕಾರ ಸಾಬೀತು ಮಾಡಬೇಕು ಎಂದು 2019ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಆದರೆ ರೇಂಜಿನಲ್ಲಿ ಕೈಗೆ ತೆಗೆದುಕೊಂಡರೆ ಪರವಾಗಿಲ್ಲ ಎಂದು ಹೇಳಲಿಲ್ಲ. ಊರಿಂದ ಬಂದ ಭಾವನನ್ನು ಖುಷಿಪಡಿಸಲು ರೇಂಜಿಗೆ ಕರೆದುಕೊಂಡು ಹೋಗುವ ಮುಂಚೆ ಇದನ್ನು ನೆನಪಿಟ್ಟುಕೊಳ್ಳಿ.

ಇನ್ನೊಂದು ಪ್ರಶ್ನೆ ಒಬ್ಬ ಹೆಣ್ಣುಮಗಳಿಂದ ಬಂತು. ಗಂಡನಿಗೆ ಗ್ರೀನ್ ಕಾರ್ಡ್ ಇದೆ, ತಾನು ಇನ್ನೂ ವರ್ಕ್ ವೀಸಾದಲ್ಲಿದ್ದೇನೆ, ಒಂದೇ ಮನೆ. ಗಂಡ ಗನ್ ಇಟ್ಟುಕೊಳ್ಳಬಹುದು. ಆದರೆ ಅದು ಬೀಗ ಹಾಕಿದ ಪೆಟ್ಟಿಗೆಯಲ್ಲಿರಬೇಕು. ಬೀಗದ ಕೀ, ನಂಬರ್ ಅವರ ಹತ್ತಿರ ಮಾತ್ರ ಇರಬೇಕು. ಕೈಯಲ್ಲಿ ಹಿಡಿಯದಿದ್ದರೂ, ಬೇಕೆಂದಾಗ ತೆಗೆಯುವಂತಿದ್ದರೆ ನಿಮ್ಮ ಹತ್ತಿರವೇ ಇದೆ ಎಂದು ಕೋರ್ಟ್ ತೀರ್ಮಾನಿಸಬಹುದು.

ಗ್ರೀನ್ ಕಾರ್ಡ್ ಇದ್ದವರಿಗೆ ಮತ್ತು ಪೌರತ್ವ ಪಡೆದವರಿಗೆ ಈ ತಡೆ ಇಲ್ಲ. ಅವರು ಲೈಸೆನ್ಸಿಗೂ ಅರ್ಜಿ ಹಾಕಬಹುದು. ಇನ್ನು ಮುಂದಿನ ಮಾತು ಅವರಿಗೆ.

ಲೈಸೆನ್ಸಿನಿಂದ ಆಗುವ ಎಲ್ಲಕ್ಕಿಂತ ದೊಡ್ಡ ಉಪಯೋಗ ಯಾವುದು ಎಂದರೆ ಶಾಲೆಯ ಸುತ್ತಲಿನ ರಸ್ತೆ ಎನ್ನುತ್ತೇನೆ. ಎಷ್ಟೋ ಜನರಿಗೆ ಇದು ಗೊತ್ತೇ ಇಲ್ಲ.

ಫೆಡರಲ್ ಸರ್ಕಾರದ ಒಂದು ಕಾನೂನಿದೆ, ಗನ್ ಫ್ರೀ ಸ್ಕೂಲ್ ಝೋನ್ಸ್ ಆಕ್ಟ್. ಶಾಲೆಯ ಆವರಣದ ಒಳಗೆ, ಮತ್ತು ಆವರಣದ ಅಂಚಿನಿಂದ 1,000 ಅಡಿ ದೂರದವರೆಗೆ ಗನ್ ಇಟ್ಟುಕೊಂಡಿರುವುದು ಅಪರಾಧ. ಸಾವಿರ ಅಡಿ ಅಂದರೆ ಸುಮಾರು 300 ಮೀಟರ್. ಸರ್ಕಾರಿ ಶಾಲೆಯಾಗಲಿ, ಖಾಸಗಿ ಶಾಲೆಯಾಗಲಿ, ಚರ್ಚಿನ ಶಾಲೆಯಾಗಲಿ, ಎಲ್ಲ ಸೇರಿತು. ಶಿಕ್ಷೆ 5 ವರ್ಷದವರೆಗೆ.

ಈಗ ನಮ್ಮ ಪ್ಲೇನೋ, ಫ್ರಿಸ್ಕೋ ನೆನಪು ಮಾಡಿಕೊಳ್ಳಿ. ಎಲಿಮೆಂಟರಿ ಶಾಲೆಗಳಿರುವುದು ಬಡಾವಣೆಯ ನಡುವೆಯೇ ಅಲ್ವಾ? ಮಕ್ಕಳು ನಡೆದುಕೊಂಡೇ ಹೋಗುತ್ತವೆ. ಶಾಲೆ ಹತ್ತಿರವಿದೆ ಎಂದೇ ನಾವು ಮನೆ ಕೊಂಡಿರುತ್ತೇವೆ. ಮನೆಯಿಂದ ಹಾಲು ತರಲು ಕಾರು ತೆಗೆದರೂ ಎರಡು ಶಾಲೆಗಳ ಸಾವಿರ ಅಡಿಯೊಳಗೆ ಹಾದು ಹೋಗುತ್ತೇವೆ. ಸೊಂಟದಲ್ಲಿ ಗನ್ ಇದ್ದು, ಲೈಸೆನ್ಸ್ ಇಲ್ಲದಿದ್ದರೆ? ಟೆಕ್ಸಸ್ ಕಾನೂನಿನ ಪ್ರಕಾರ ಏನೂ ತಪ್ಪಿಲ್ಲ. ಫೆಡರಲ್ ಕಾನೂನಿನ ಪ್ರಕಾರ ಅಪರಾಧ. ಸ್ವಂತ ಕಾರಿನಲ್ಲಿದ್ದೇನೆ ಎಂಬುದೂ ಅಲ್ಲಿ ನಡೆಯುವುದಿಲ್ಲ.

ಆ ಕಾನೂನಿನಲ್ಲೇ ಕೆಲವು ವಿನಾಯಿತಿಗಳಿವೆ. ಶಾಲೆಗೆ ಸೇರದ ಖಾಸಗಿ ಜಾಗದಲ್ಲಿದ್ದರೆ ತೊಂದರೆ ಇಲ್ಲ. ಹಾಗಾಗಿ ಶಾಲೆ ಎದುರಿಗೇ ನಿಮ್ಮ ಮನೆ ಇದ್ದರೂ ಮನೆಯೊಳಗೆ ಇಟ್ಟುಕೊಳ್ಳಬಹುದು. ಗುಂಡು ತೆಗೆದು, ಬೀಗ ಹಾಕಿದ ಡಬ್ಬಿಯಲ್ಲಿಟ್ಟು ಒಯ್ದರೂ ತೊಂದರೆ ಇಲ್ಲ. ಆದರೆ ಗುಂಡಿಲ್ಲದೆ ಡಬ್ಬಿಯಲ್ಲಿ ಬೀಗ ಹಾಕಿಟ್ಟ ಗನ್ ಆಪತ್ತಿಗೆ ಆಗುವುದಿಲ್ಲ. ಮೂರನೆಯ ವಿನಾಯಿತಿಯೇ ಲೈಸೆನ್ಸ್. ಆ ಶಾಲೆ ಇರುವ ರಾಜ್ಯವೇ ಲೈಸೆನ್ಸ್ ಕೊಟ್ಟಿರಬೇಕು. ಕೊಡುವ ಮುಂಚೆ ಅಧಿಕಾರಿಗಳು ನಿಮ್ಮ ಅರ್ಹತೆಯನ್ನು ಪರೀಕ್ಷಿಸಿರಬೇಕು. ಟೆಕ್ಸಸ್ ಲೈಸೆನ್ಸಿನಲ್ಲಿ ಅದೆಲ್ಲ ಆಗಿರುತ್ತದೆ. ಸುಮ್ಮನೆ "ನಮ್ಮ ರಾಜ್ಯದಲ್ಲಿ ಲೈಸೆನ್ಸ್ ಬೇಡ" ಎಂದರೆ ಈ ವಿನಾಯಿತಿ ಸಿಗುವುದಿಲ್ಲ, ಯಾಕೆಂದರೆ ನಿಮಗೆ ಯಾರೂ ಲೈಸೆನ್ಸ್ ಕೊಟ್ಟಿಲ್ಲ.

ಈ ಕಾನೂನಿಗೂ ಟೆಕ್ಸಸ್‌ಗೂ ಹಳೆಯ ನಂಟಿದೆ. 1992ರಲ್ಲಿ ಸ್ಯಾನ್ ಆಂಟೋನಿಯೋದ ಎಡಿಸನ್ ಹೈಸ್ಕೂಲಿಗೆ 12ನೇ ತರಗತಿಯ ಹುಡುಗನೊಬ್ಬ ರಿವಾಲ್ವರ್ ತಂದು ಸಿಕ್ಕಿಬಿದ್ದ. ಕೇಸು ಸುಪ್ರೀಂ ಕೋರ್ಟಿಗೆ ಹೋಯಿತು. ಕಾನೂನು ಓದಿದವರಿಗೆ ಲೋಪೆಜ್ ಕೇಸು ಎಂದರೆ ಗೊತ್ತು. ರಾಜ್ಯಗಳ ನಡುವಿನ ವ್ಯಾಪಾರದ ಹೆಸರಿನಲ್ಲಿ ಶಾಲೆಯ ಸುತ್ತಲಿನ ಗನ್‌ಗೆ ಕಾನೂನು ಮಾಡುವ ಅಧಿಕಾರ ಅಮೆರಿಕದ ಸಂಸತ್ತಾದ ಕಾಂಗ್ರೆಸ್‌ಗೆ ಇಲ್ಲ ಎಂದು 1995ರಲ್ಲಿ 5ಕ್ಕೆ 4 ಮತಗಳಿಂದ ಕೋರ್ಟ್ ಅದನ್ನು ಹೊಡೆದುಹಾಕಿತು. ಆದರೆ ಮರುವರ್ಷವೇ ಕಾಂಗ್ರೆಸ್ ಅದನ್ನು ತಿದ್ದಿ ಮತ್ತೆ ತಂದಿತು. "ರಾಜ್ಯದಿಂದ ರಾಜ್ಯಕ್ಕೆ ಸಾಗಿ ಬಂದ ಗನ್" ಎಂಬ ಮಾತು ಸೇರಿಸಿತು. ಅಂಗಡಿಯಲ್ಲಿ ಸಿಗುವ ಬಹುತೇಕ ಗನ್‌ಗಳು ಯಾವುದೋ ಬೇರೆ ರಾಜ್ಯದಲ್ಲಿ ತಯಾರಾದವೇ. ಹಾಗಾಗಿ ಕಾನೂನು ಈಗಲೂ ಜೀವಂತ. "ಅದನ್ನು ಸುಪ್ರೀಂ ಕೋರ್ಟ್ ರದ್ದು ಮಾಡಿದೆಯಂತೆ" ಎಂದು ಯಾರಾದರೂ ಹೇಳಿದರೆ ಅವರಿಗೆ ಅರ್ಧ ಕಥೆ ಮಾತ್ರ ಗೊತ್ತು.

"ಹೀಗೆ ಯಾರನ್ನಾದರೂ ಹಿಡಿದಿದ್ದಾರಾ?" ಎಂದು ಒಬ್ಬರು ಕೇಳಿದರು. ಬರೀ ಹಾದು ಹೋಗುವವರ ಮೇಲೆ ಕೇಸು ಹಾಕುವುದು ಅಪರೂಪ. ಆದರೆ ಆಗಿದೆ. ಮೊಂಟಾನಾದ ಬಿಲ್ಲಿಂಗ್ಸ್‌ನಲ್ಲಿ ಶಾಲೆ ಎದುರು ಮನೆ ಇರುವ ಒಬ್ಬರು ಮನೆ ಮುಂದೆ ಬಂದೂಕು ಹಿಡಿದು ಓಡಾಡುತ್ತಿದ್ದರು. ಅದೂ ಲೈಸೆನ್ಸ್ ಬೇಡ ಎನ್ನುವ ರಾಜ್ಯವೇ. ಫೆಡರಲ್ ಕೇಸು ಬಿತ್ತು, ಶಿಕ್ಷೆಯೂ ಆಯಿತು. ಆಮೇಲೆ ಮೇಲ್ಮನವಿಯಲ್ಲಿ ಶಿಕ್ಷೆ ರದ್ದಾಯಿತು. ಅರ್ಹರೆಲ್ಲರಿಗೂ ಪರ್ಮಿಟ್ ಇದೆ ಎಂದೇ ಭಾವಿಸಬೇಕು ಎಂಬ ಒಂದು ಕಲಂ ಮೊಂಟಾನಾ ಕಾನೂನಿನಲ್ಲಿತ್ತು, ಆ ಮಾತು ಅವರನ್ನು ಉಳಿಸಿತು. ಆದರೆ ಅಲ್ಲಿಯವರೆಗೆ ಅವರು ಪಟ್ಟ ಪಾಡು? ವಕೀಲರ ಫೀಸು, ವರ್ಷಗಟ್ಟಲೆ ಅಲೆದಾಟ. ಇನ್ನು ನಮ್ಮಂಥವರಿಗೆ ಪೌರತ್ವದ ಅರ್ಜಿ ಬಾಕಿ ಇರುತ್ತದೆ. ಬಂಧನವಾದದ್ದೆಲ್ಲ ಅದರಲ್ಲಿ ಬರೆಯಬೇಕು. ಖುಲಾಸೆಯಾಗಿದ್ದರೂ ಬರೆಯಬೇಕು. 40 ಡಾಲರ್ ಫೀಸಿನ ಒಂದು ಕಾರ್ಡ್ ಈ ಚಿಂತೆಯನ್ನೇ ತೆಗೆದುಹಾಕುತ್ತದೆ.

ಒಂದು ಎಚ್ಚರಿಕೆ. ಈ ರಕ್ಷಣೆ ಟೆಕ್ಸಸ್ ಶಾಲೆಗಳ ಸುತ್ತ ಮಾತ್ರ. ಒಕ್ಲಹೋಮಾಕ್ಕೆ ಹೋದರೆ ಅಲ್ಲಿನ ಶಾಲೆಗಳ ಸುತ್ತ ನಿಮ್ಮ ಟೆಕ್ಸಸ್ ಲೈಸೆನ್ಸ್ ಕೆಲಸಕ್ಕೆ ಬರುವುದಿಲ್ಲ. ಫೆಡರಲ್ ಕಾನೂನು "ಆ ರಾಜ್ಯ ಕೊಟ್ಟ ಲೈಸೆನ್ಸ್" ಎಂದೇ ಹೇಳುತ್ತದೆ. ಲೈಸೆನ್ಸ್ ಇದ್ದವರೂ ಶಾಲೆಯ ಕಟ್ಟಡದೊಳಗೆ ಒಯ್ಯುವಂತಿಲ್ಲ. ಅದಕ್ಕೆ ಟೆಕ್ಸಸ್ ಕಾನೂನಿನ ಅಡ್ಡಿಯೇ ಇದೆ.

ಹೊರ ರಾಜ್ಯಗಳ ಮಾತು ಬಂತಲ್ಲ, ಅದನ್ನೂ ಹೇಳುತ್ತೇನೆ. ನಾವು ರಜೆ ಸಿಕ್ಕರೆ ಕಾರು ಹತ್ತುವ ಜನ. ಇಲ್ಲಿಂದ ಕೊಲೊರಾಡೋಗೆ ಹೊರಟರೆ ನ್ಯೂ ಮೆಕ್ಸಿಕೋ ಅಥವಾ ಒಕ್ಲಹೋಮಾ ದಾಟಬೇಕು. 2024ರ ಹೊತ್ತಿಗೆ 29 ರಾಜ್ಯಗಳು ಲೈಸೆನ್ಸ್ ಬೇಡ ಎನ್ನುವ ಕಾನೂನು ಮಾಡಿಕೊಂಡಿವೆ. ಒಕ್ಲಹೋಮಾ, ಅರ್ಕನ್ಸಾ, ಲೂಸಿಯಾನ ಅವುಗಳಲ್ಲಿವೆ. ನ್ಯೂ ಮೆಕ್ಸಿಕೋ, ಕೊಲೊರಾಡೋ ಅವುಗಳಲ್ಲಿಲ್ಲ. ಅಲ್ಲಿ ಗುಂಡು ತುಂಬಿದ ಗನ್ ಬಟ್ಟೆಯೊಳಗೆ ಇಟ್ಟುಕೊಂಡು ನಡೆಯಬೇಕಾದರೆ ಲೈಸೆನ್ಸ್ ಬೇಕು. "ನಮ್ಮ ಟೆಕ್ಸಸ್‌ನಲ್ಲಿ ಬೇಡ" ಎಂಬ ವಾದವನ್ನು ಅಲ್ಲಿನ ಪೊಲೀಸರು ಕೇಳುವುದಿಲ್ಲ. ಟೆಕ್ಸಸ್ ಲೈಸೆನ್ಸನ್ನು ಈ ಎರಡೂ ರಾಜ್ಯಗಳು ಒಪ್ಪುತ್ತವೆ. ಕೊಲೊರಾಡೋ ಮಾತ್ರ, ನೀವು ಟೆಕ್ಸಸ್ ನಿವಾಸಿಯೇ ಆಗಿರಬೇಕು ಎನ್ನುತ್ತದೆ. ಹೀಗೆ ಒಪ್ಪುವ ರಾಜ್ಯಗಳು 30ಕ್ಕಿಂತ ಜಾಸ್ತಿ ಇವೆ. ಪಟ್ಟಿ ಬದಲಾಗುತ್ತಿರುತ್ತದೆ. ಟೆಕ್ಸಸ್ ಸಾರ್ವಜನಿಕ ಸುರಕ್ಷತಾ ಇಲಾಖೆಯ ಜಾಲತಾಣದಲ್ಲಿದೆ, ಎಲ್ಲರೂ ಡಿಪಿಎಸ್ ಎನ್ನುತ್ತೇವಲ್ಲ, ಅದೇ. ಹೊರಡುವ ಹಿಂದಿನ ದಿನ ನೋಡಿಕೊಳ್ಳಿ.

ಅಣ್ಣನ ಮನೆ ನ್ಯೂಜೆರ್ಸಿಯಲ್ಲಿ, ತಂಗಿಯ ಮನೆ ಕ್ಯಾಲಿಫೋರ್ನಿಯಾದಲ್ಲಿ ಎನ್ನುವವರು ಇಲ್ಲಿ ಬೇಕಾದಷ್ಟು ಜನ ಇದ್ದೀರಿ. ಆ ರಾಜ್ಯಗಳು, ನ್ಯೂಯಾರ್ಕ್, ಇಲಿನಾಯ್ ಸಹ, ಟೆಕ್ಸಸ್ ಲೈಸೆನ್ಸನ್ನು ಒಪ್ಪುವುದಿಲ್ಲ. ನ್ಯೂಜೆರ್ಸಿಯ ಕಾನೂನು ತುಂಬ ಕಠಿಣ. ಇಂಥ ರಾಜ್ಯಗಳನ್ನು ಹಾದು ಹೋಗುವವರಿಗೆಂದು 1986ರ ಒಂದು ಫೆಡರಲ್ ಕಾನೂನಿದೆ. ಹೊರಟ ಕಡೆ ಮತ್ತು ತಲುಪುವ ಕಡೆ ಎರಡರಲ್ಲೂ ಗನ್ ಒಯ್ಯಲು ನಿಮಗೆ ಹಕ್ಕಿರಬೇಕು. ಗುಂಡು ತೆಗೆದು, ಕೈಗೆಟುಕದಂತೆ ಡಿಕ್ಕಿಯಲ್ಲಿಡಬೇಕು. ಬೇರೆ ಡಿಕ್ಕಿ ಇಲ್ಲದ ಗಾಡಿಯಾದರೆ ಬೀಗ ಹಾಕಿದ ಡಬ್ಬಿಯಲ್ಲಿಡಬೇಕು. ಮುಂದಿನ ಡ್ಯಾಶ್‌ಬೋರ್ಡಿನ ಖಾನೆ ಲೆಕ್ಕಕ್ಕಿಲ್ಲ. ನನ್ನ ಸಲಹೆ ಕೇಳಿದರೆ, ಅಣ್ಣನ ಮನೆಗೆ ಗನ್ ಬೇಡ. ಇಲ್ಲೇ ಬೀಗ ಹಾಕಿಟ್ಟು ಹೋಗಿ.

ಈಗ ಬಾಗಿಲ ಮೇಲಿನ ಬೋರ್ಡುಗಳಿಗೆ ಬರೋಣ. ಅಂಗಡಿ, ಆಫೀಸು, ಹೋಟೆಲುಗಳ ಬಾಗಿಲಲ್ಲಿ 30.05, 30.06, 30.07 ಎಂಬ ಸಂಖ್ಯೆಗಳನ್ನು ನೋಡಿರುತ್ತೀರಿ. ದಂಡಸಂಹಿತೆಯ ಸೆಕ್ಷನ್ ಸಂಖ್ಯೆಗಳವು. 30.06 ಇದ್ದರೆ, ಲೈಸೆನ್ಸ್ ಇದ್ದವರು ಬಚ್ಚಿಟ್ಟುಕೊಂಡೂ ಒಳಗೆ ಬರಬೇಡಿ ಎಂದರ್ಥ. 30.07 ಇದ್ದರೆ, ಲೈಸೆನ್ಸ್ ಇದ್ದವರು ಕಾಣುವಂತೆ ಹಿಡಿದುಕೊಂಡು ಬರಬೇಡಿ ಎಂದರ್ಥ. 30.05 ಲೈಸೆನ್ಸ್ ಇಲ್ಲದೆ ಒಯ್ಯುವವರಿಗೆ. ಬಾಗಿಲಲ್ಲಿ ಬರೀ 30.05 ಇದ್ದರೆ, ಅಥವಾ ಗನ್ ಚಿತ್ರಕ್ಕೆ ಅಡ್ಡಗೆರೆ ಎಳೆದ ಸ್ಟಿಕ್ಕರ್ ಮಾತ್ರ ಇದ್ದರೆ, ಲೈಸೆನ್ಸ್ ಇದ್ದವರಿಗೆ ಕಾನೂನಿನ ರಕ್ಷಣೆ ಇದೆ. ಇಲ್ಲದವರಿಗೆ ಇಲ್ಲ. 30.06 ಬೋರ್ಡು ಹೇಗಿರಬೇಕು ಎಂದೂ ಕಾನೂನು ಹೇಳಿದೆ. ಇಂಗ್ಲಿಷ್ ಮತ್ತು ಸ್ಪ್ಯಾನಿಷ್ ಎರಡರಲ್ಲೂ, ಎದ್ದು ಕಾಣುವ ಬಣ್ಣದಲ್ಲಿ, ಕನಿಷ್ಠ 1 ಇಂಚಿನ ಅಕ್ಷರಗಳಲ್ಲಿ ಬರೆದಿರಬೇಕು. ಮೂಲೆಯಲ್ಲಿ ಸಣ್ಣಕ್ಷರದಲ್ಲಿ ಬರೆದ ಚೀಟಿ ಲೈಸೆನ್ಸ್ ಇದ್ದವರ ಮೇಲೆ ನಡೆಯುವುದಿಲ್ಲ.

ಬೋರ್ಡು ನೋಡದೆ ಒಳಗೆ ಹೋದರೆ 200 ಡಾಲರ್‌ವರೆಗೆ ದಂಡ. ಮಾಲೀಕರು ಬಾಯಿಬಿಟ್ಟು "ಹೊರಗೆ ಹೋಗಿ" ಎಂದ ಮೇಲೂ ನಿಂತರೆ ಅದು ದೊಡ್ಡ ಅಪರಾಧ, ಒಂದು ವರ್ಷದವರೆಗೆ ಜೈಲು ಆಗಬಹುದು. ಲೈಸೆನ್ಸ್ ಇರಲಿ ಬಿಡಲಿ, ಯಾರಾದರೂ ಹೋಗಿ ಎಂದರೆ ಮಾತಿಗೆ ಮಾತು ಬೆಳೆಸಬೇಡಿ. ತಕ್ಷಣ ಹೊರಡಿ.

ಇಲ್ಲಿ ದೇವಸ್ಥಾನದ ಕಮಿಟಿಯವರೂ ಇದ್ದೀರಿ. ನಿಮಗೆ ಇದು ಇನ್ನೂ ಮುಖ್ಯ. ಟೆಕ್ಸಸ್‌ನಲ್ಲಿ ದೇವಸ್ಥಾನ, ಚರ್ಚು, ಮಸೀದಿಗಳಿಗೂ ಇದೇ ನಿಯಮ. ತಾನಾಗಿ ನಿಷೇಧ ಇಲ್ಲ, 2019ರಲ್ಲಿ ಕಾನೂನು ಇದನ್ನು ಸ್ಪಷ್ಟ ಮಾಡಿತು. ಒಳಗೆ ಗನ್ ಬೇಡ ಎಂದು ನಿಮ್ಮ ಕಮಿಟಿ ತೀರ್ಮಾನಿಸಿದರೆ ಮೂರೂ ಬೋರ್ಡು ಹಾಕಬೇಕು. ಲೈಸೆನ್ಸ್ ಇರುವ, ತರಬೇತಿ ಆದ ಭಕ್ತರು ಬಚ್ಚಿಟ್ಟುಕೊಂಡು ಬರಲಿ, ಉಳಿದವರು ಬೇಡ ಎನ್ನುವುದಾದರೆ 30.05 ಮತ್ತು 30.07 ಸಾಕು. ಯಾವುದು ಸರಿ ಎಂದು ನಾನು ಹೇಳುವುದಿಲ್ಲ. ಏನೂ ತೀರ್ಮಾನಿಸದೆ ಬಿಡುವುದು ಮಾತ್ರ ತಪ್ಪು. ಯುಗಾದಿ, ದೀಪಾವಳಿಗೆ ಸಾವಿರಾರು ಜನ ಸೇರುವ ಜಾಗ. ಬೋರ್ಡು ಹಾಕದಿದ್ದರೆ ಯಾರು ಬೇಕಾದರೂ ತರಬಹುದು ಎಂದೇ ಆಗುತ್ತದೆ.

ಮಕ್ಕಳು ಕಾಲೇಜಿನಲ್ಲಿರುವವರು ಇದನ್ನು ಕೇಳಿಸಿಕೊಳ್ಳಿ. ಸರ್ಕಾರಿ ವಿಶ್ವವಿದ್ಯಾಲಯಗಳ ಕಟ್ಟಡದೊಳಗೆ ಗನ್ ಒಯ್ಯುವ ಅವಕಾಶ 2016ರ ಆಗಸ್ಟ್ 1ರಿಂದ ಇದೆ. ಆದರೆ ಲೈಸೆನ್ಸ್ ಇದ್ದವರಿಗೆ ಮಾತ್ರ, ಅದೂ ಬಚ್ಚಿಟ್ಟುಕೊಂಡು ಮಾತ್ರ. 2021ರ ಕಾನೂನು ಇದನ್ನು ಸಡಿಲ ಮಾಡಲಿಲ್ಲ. ರಿಚರ್ಡ್‌ಸನ್‌ನಲ್ಲಿರುವ ಯುಟಿ ಡಾಲಸ್‌ಗೋ ಆಸ್ಟಿನ್‌ನ ಯುಟಿಗೋ ಮಗಳನ್ನು ನೋಡಲು ಹೋಗುವ ಅಪ್ಪ, ಲೈಸೆನ್ಸ್ ಇಲ್ಲದೆ ಗನ್ ಇಟ್ಟುಕೊಂಡು ಕಟ್ಟಡದೊಳಗೆ ಕಾಲಿಟ್ಟರೆ ಅದು ಘೋರ ಅಪರಾಧಗಳ ಪಟ್ಟಿಗೆ ಸೇರುತ್ತದೆ. ರೈಸ್, ಎಸ್‌ಎಂಯು ಥರದ ಖಾಸಗಿ ವಿಶ್ವವಿದ್ಯಾಲಯಗಳು ಲೈಸೆನ್ಸ್ ಇದ್ದವರಿಗೂ ಬೇಡ ಎಂದಿವೆ.

ವಿಮಾನ ನಿಲ್ದಾಣದಲ್ಲೂ ಒಂದು ವ್ಯತ್ಯಾಸವಿದೆ. ಬ್ಯಾಗಿನಲ್ಲಿ ಗನ್ ಇರುವುದು ಮರೆತು ಸ್ಕ್ಯಾನಿಂಗ್‌ವರೆಗೆ ಬರುವವರು ಈ ರಾಜ್ಯದಲ್ಲಿ ತುಂಬ ಇದ್ದಾರೆ. ಸುರಕ್ಷಿತ ವಲಯಕ್ಕೆ ಗನ್ ತರುವುದು ಟೆಕ್ಸಸ್‌ನಲ್ಲಿ ಗಂಭೀರ ಅಪರಾಧ, 2ರಿಂದ 10 ವರ್ಷ ಶಿಕ್ಷೆ ಆಗಬಹುದು. ಲೈಸೆನ್ಸ್ ಇದ್ದವರಿಗೆ 2015ರ ಒಂದು ತಿದ್ದುಪಡಿ ದಾರಿ ಬಿಟ್ಟಿದೆ. ತಪಾಸಣೆಯಲ್ಲಿ ಗನ್ ಸಿಕ್ಕಿ, ಅಧಿಕಾರಿ ಹೇಳಿದ ಕೂಡಲೇ ಅಲ್ಲಿಂದ ಹೊರಗೆ ಬಂದರೆ ಅದು ರಾಜ್ಯದ ಕೇಸಿಗೆ ಒಳ್ಳೆಯ ಸಮರ್ಥನೆಯಾಗುತ್ತದೆ. ಲೈಸೆನ್ಸ್ ಇಲ್ಲದವರಿಗೆ ಈ ದಾರಿ ಇಲ್ಲ. ಆದರೆ ವಿಮಾನ ನಿಲ್ದಾಣದ ತಪಾಸಣೆ ನಡೆಸುವ ಫೆಡರಲ್ ಸಂಸ್ಥೆ ಟಿಎಸ್‌ಎ ಹಾಕುವ ಸಾವಿರಾರು ಡಾಲರ್ ದಂಡ ಇಬ್ಬರಿಗೂ ತಪ್ಪುವುದಿಲ್ಲ.

ಬ್ಯಾಗಿನ ಮಾತು ಬಂದಿದ್ದಕ್ಕೆ ಇನ್ನೊಂದು. ರೇಂಜಿಗೆ ಒಯ್ಯುವ ಚೀಲವನ್ನು ಬೆಂಗಳೂರಿಗೆ ಒಯ್ಯಬೇಡಿ. ಹೊಲಿಗೆಯ ಸಂದಿಯಲ್ಲಿ ಒಂದೇ ಒಂದು ಗುಂಡು ಉಳಿದಿದ್ದರೂ ಭಾರತದ ವಿಮಾನ ನಿಲ್ದಾಣಗಳಲ್ಲಿ ಶಸ್ತ್ರಾಸ್ತ್ರ ಕಾಯ್ದೆಯಡಿ ಕೇಸು ಹಾಕುತ್ತಾರೆ. ಬೇಕೆಂದೇ ತಂದದ್ದಲ್ಲ ಎಂದು ಹೈಕೋರ್ಟಿನಲ್ಲಿ ರದ್ದು ಮಾಡಿಸಿಕೊಳ್ಳಬಹುದು. ಅಷ್ಟರಲ್ಲಿ ವಾಪಸು ಟಿಕೆಟ್ ಹೋಗಿರುತ್ತದೆ, ರಜೆಯೂ ಮುಗಿದಿರುತ್ತದೆ. ರೇಂಜಿಗೆ ಬೇರೆ ಚೀಲ ಇಟ್ಟುಕೊಳ್ಳಿ.

ಭಾರತದ ಕಾಯ್ದೆ ಎಂದಾಗ ಸಭೆಯಲ್ಲಿದ್ದ ಕೊಡಗಿನವರೊಬ್ಬರು ಎದ್ದು, "ನಮಗೆ ಅಲ್ಲೂ ಲೈಸೆನ್ಸ್ ಬೇಡ" ಎಂದರು. ನಿಜ. 1959ರ ಶಸ್ತ್ರಾಸ್ತ್ರ ಕಾಯ್ದೆಯ ಪ್ರಕಾರ ದೇಶದಲ್ಲಿ ಎಲ್ಲರಿಗೂ ಲೈಸೆನ್ಸ್ ಬೇಕು. ಕೊಡವರಿಗೆ ಮತ್ತು ಜಮ್ಮಾ ಎಂಬ ವಂಶಪಾರಂಪರ್ಯ ಜಮೀನಿನ ಹಿಡುವಳಿದಾರರಿಗೆ ಬ್ರಿಟಿಷರ ಕಾಲದಿಂದ ವಿನಾಯಿತಿ ಇದೆ. 2019ರಲ್ಲಿ ಕೇಂದ್ರ ಸರ್ಕಾರ ಅದನ್ನು 2029ರವರೆಗೆ ಮುಂದುವರಿಸಿತು. 2021ರಲ್ಲಿ ಕರ್ನಾಟಕ ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು. ನಾನು ಅವರನ್ನೇ ಕೇಳಿದೆ, "ಹಾಗಾದರೆ ಯಾವ ಕಾಗದವೂ ಇಲ್ಲದೆ ಕೋವಿ ಇಟ್ಟುಕೊಳ್ಳುತ್ತೀರಾ?" ಇಲ್ಲ, ಜಿಲ್ಲಾಧಿಕಾರಿ ಕಚೇರಿಯಿಂದ ವಿನಾಯಿತಿ ಪತ್ರ ಮಾಡಿಸಿಟ್ಟುಕೊಳ್ಳುತ್ತೇವೆ ಎಂದರು. ಲೈಸೆನ್ಸ್ ಬೇಡ ಎನ್ನುವ ಕಡೆಯೂ, ಯಾರಾದರೂ ಕೇಳಿದಾಗ ತೋರಿಸಲು ಸರ್ಕಾರ ಕೊಟ್ಟ ಒಂದು ಕಾಗದ ಬೇಕಾಗುತ್ತದೆ ಎಂಬುದು ಅವರಿಗೆ ತಲೆಮಾರುಗಳಿಂದ ಗೊತ್ತಿದೆ.

ಇನ್ನು ಎರಡು ಸಣ್ಣ ಉಪಯೋಗಗಳು. ಗನ್ ಅಂಗಡಿಯಲ್ಲಿ ಕೊಳ್ಳುವಾಗ ಎಫ್‌ಬಿಐ ನಡೆಸುವ ಹಿನ್ನೆಲೆ ತಪಾಸಣೆ ಇರುತ್ತದೆ. ಕೆಲವರಿಗೆ ಅದು ಕೂಡಲೇ ಮುಗಿಯದೆ "ತಡವಾಗುತ್ತದೆ" ಎಂದು ಬರುತ್ತದೆ. ಲೈಸೆನ್ಸ್ ಇದ್ದರೆ ಫಾರ್ಮ್ ತುಂಬಬೇಕು, ಆದರೆ ಆ ತಪಾಸಣೆಗೆ ಕಾಯಬೇಕಿಲ್ಲ, ಲೈಸೆನ್ಸ್ ಕೊಡುವಾಗಲೇ ಅದು ಮುಗಿದಿರುತ್ತದೆ. ಆಸ್ಟಿನ್‌ನ ಶಾಸನಸಭೆ ಕಟ್ಟಡಕ್ಕೆ ಹೋದರೆ ಲೈಸೆನ್ಸ್ ಇದ್ದವರಿಗೆ ಬೇರೆ ಸಾಲು ಇದೆ.

ಲೈಸೆನ್ಸ್ ತೆಗೆದುಕೊಂಡರೆ ಒಂದು ಹೊಣೆಯೂ ಬರುತ್ತದೆ. ಗನ್ ಜೊತೆಗಿದ್ದಾಗ ಪೊಲೀಸರು ಗುರುತಿನ ಚೀಟಿ ಕೇಳಿದರೆ, ಡ್ರೈವಿಂಗ್ ಲೈಸೆನ್ಸಿನ ಜೊತೆ ಇದನ್ನೂ ಕೊಡಬೇಕು. ನನಗೆ ಕೇಳಿದರೆ ಇದು ಒಳ್ಳೆಯದೇ. ರಾತ್ರಿ ಹೆದ್ದಾರಿ ಬದಿಯಲ್ಲಿ ಕಾರು ನಿಲ್ಲಿಸಿದ ಪೊಲೀಸನಿಗೂ ಭಯ ಇರುತ್ತದೆ, ನಮಗೂ ಇರುತ್ತದೆ. ನಮ್ಮ ಉಚ್ಚಾರಣೆ ಬೇರೆ, ಬಣ್ಣ ಬೇರೆ. ಸ್ಟಿಯರಿಂಗ್ ಮೇಲೆ ಎರಡೂ ಕೈ ಇಟ್ಟು, "ಆಫೀಸರ್, ನನ್ನ ಹತ್ತಿರ ಲೈಸೆನ್ಸ್ ಇದೆ, ಗನ್ ಇಂಥ ಕಡೆ ಇದೆ" ಎಂದು ಮೊದಲೇ ಹೇಳಿ. ಅವರು ಹೇಳುವವರೆಗೆ ಕೈ ಅಲ್ಲಾಡಿಸಬೇಡಿ. ಬೆರಳಚ್ಚು ಕೊಟ್ಟು ತಪಾಸಣೆ ಮಾಡಿಸಿಕೊಂಡವರು ಇವರು ಎಂಬುದನ್ನು ಆ ಕಾರ್ಡ್ ಅವರಿಗೆ ಹೇಳುತ್ತದೆ.

"ಹೆಸರು ಪಟ್ಟಿಗೆ ಸೇರುತ್ತದಲ್ಲ, ಆಫೀಸಿನವರಿಗೆ ಗೊತ್ತಾದರೆ?" ಎಂಬ ಅಳುಕು ಕೆಲವರಿಗಿದೆ. ಲೈಸೆನ್ಸ್ ಇದ್ದವರ ವಿವರ 2007ರಿಂದ ಗೋಪ್ಯ. ಪೊಲೀಸ್ ಕೆಲಸಕ್ಕೆ ಬಿಟ್ಟರೆ ಹೊರಗಿನವರಿಗೆ ಕೊಡುವುದಿಲ್ಲ.

ಲೈಸೆನ್ಸ್ ಇದ್ದರೂ ಆಗದ ಕೆಲಸಗಳಿವೆ. ಫೆಡರಲ್ ಕಟ್ಟಡ, ಕೋರ್ಟು, ಮತಗಟ್ಟೆ, ಅರ್ಧಕ್ಕಿಂತ ಹೆಚ್ಚು ಆದಾಯ ಮದ್ಯದಿಂದಲೇ ಬರುವ ಬಾರ್, ಇಲ್ಲೆಲ್ಲ ಒಯ್ಯುವಂತಿಲ್ಲ. ಬಾರ್‌ಗಳ ಬಾಗಿಲಲ್ಲಿ ಕೆಂಪು ಅಕ್ಷರದಲ್ಲಿ 51% ಎಂದಿರುತ್ತದೆ. ಗುಂಡು ಹಾರಿಸಿದ ಮೇಲೆ ಅದು ಆತ್ಮರಕ್ಷಣೆ ಹೌದೋ ಅಲ್ಲವೋ ಎಂದು ನೋಡುವ ಕಾನೂನೂ ಎಲ್ಲರಿಗೂ ಒಂದೇ. ಕಾರ್ಡ್ ತೋರಿಸಿ ಅದರಿಂದ ಪಾರಾಗಲು ಆಗುವುದಿಲ್ಲ.

ಅದಕ್ಕೇ ನನಗೆ ಕಾರ್ಡಿಗಿಂತ ತರಗತಿ ಮುಖ್ಯ. 4ರಿಂದ 6 ಗಂಟೆ ಕೂರಬೇಕು. ಯಾವಾಗ ಬಲ ಬಳಸಬಹುದು, ಯಾವಾಗ ಬಳಸಬಾರದು, ಜಗಳವನ್ನು ಮಾತಿನಲ್ಲೇ ಹೇಗೆ ಮುಗಿಸುವುದು, ಗನ್ ಹೇಗೆ ಭದ್ರವಾಗಿಡುವುದು, ಇವನ್ನೆಲ್ಲ ಹೇಳಿಕೊಡಲೇಬೇಕು ಎಂದು ಕಾನೂನೇ ಹೇಳಿದೆ. ಆಮೇಲೆ ರೇಂಜಿನಲ್ಲಿ 3, 7 ಮತ್ತು 15 ಗಜ ದೂರದಿಂದ 50 ಗುಂಡು ಹೊಡೆಯಬೇಕು. 250ಕ್ಕೆ 175 ಅಂಕ ಬಂದರೆ ಪಾಸು. ಇದು ದೊಡ್ಡ ಪರೀಕ್ಷೆಯೇನಲ್ಲ. ಆದರೆ ಗನ್ ಕೊಂಡು ಒಂದು ಸಲವೂ ಹೊಡೆಯದೆ ಮಂಚದ ಪಕ್ಕದ ಡ್ರಾಯರಿನಲ್ಲಿಟ್ಟವರು ನಮ್ಮಲ್ಲೇ ಇದ್ದಾರೆ. ಮನೆಯಲ್ಲಿ ಆರು ವರ್ಷದ ಮಗು ಇದೆ. 17 ವರ್ಷದೊಳಗಿನ ಮಗುವಿನ ಕೈಗೆ ಸಿಗುವಂತೆ ಗುಂಡು ತುಂಬಿದ ಗನ್ ಬಿಟ್ಟರೆ ಟೆಕ್ಸಸ್‌ನಲ್ಲಿ ಅದೂ ಅಪರಾಧ. ಶಿಕ್ಷೆಯ ಮಾತು ಬಿಡಿ, ಆ ಮನೆಯ ಗತಿ ಏನಾಗಬಹುದು ಯೋಚಿಸಿ. ಲೈಸೆನ್ಸ್ ಬೇಕಿದ್ದ ಕಾಲದಲ್ಲಿ ಇಂಥವರನ್ನು ಕಾನೂನೇ ನಮ್ಮ ತರಗತಿಗೆ ಕಳಿಸುತ್ತಿತ್ತು. ಈಗ ಕಳಿಸುವವರು ಯಾರೂ ಇಲ್ಲ. ನೀವೇ ಬರಬೇಕು.

ಕೊನೆಗೆ, ಅರ್ಜಿ ಹಾಕುವುದು ಹೇಗೆ ಎಂದು ಕೇಳಿದಿರಿ. ಡಿಪಿಎಸ್ ಜಾಲತಾಣದಲ್ಲಿ ಅರ್ಜಿ ತುಂಬಿ. ಫೀಸು 40 ಡಾಲರ್. 2017ಕ್ಕೆ ಮುಂಚೆ 140 ಇತ್ತು. ಬೆರಳಚ್ಚಿಗೆ ಬೇರೆ ದುಡ್ಡು, ಅದಕ್ಕೆ ಸಮಯ ಗೊತ್ತು ಮಾಡಿಕೊಳ್ಳಬೇಕು. ತರಗತಿಯ ಓದಿನ ಭಾಗವನ್ನು ಆನ್‌ಲೈನ್‌ನಲ್ಲಿ ಮುಗಿಸಬಹುದು, ಗುಂಡು ಹೊಡೆಯುವ ಪರೀಕ್ಷೆಗೆ ಮಾತ್ರ ರೇಂಜಿಗೆ ಬರಲೇಬೇಕು. ಗ್ರೀನ್ ಕಾರ್ಡ್ ಇದ್ದವರು ಅದರ ಪ್ರತಿಯನ್ನು ಸಿದ್ಧ ಇಟ್ಟುಕೊಳ್ಳಿ. ಎಲ್ಲ ಸೇರಿದ ಮೇಲೆ ಸಾಮಾನ್ಯವಾಗಿ 60 ದಿನದೊಳಗೆ ಇಲಾಖೆ ಉತ್ತರ ಕೊಡಬೇಕು. ನವೀಕರಣಕ್ಕೆ ಮತ್ತೆ ತರಗತಿ ಬೇಡ. ಮನೆ ಬದಲಿಸಿದರೆ 30 ದಿನದೊಳಗೆ ಹೊಸ ವಿಳಾಸ ತಿಳಿಸಿ. ಬಾಡಿಗೆ ಅಪಾರ್ಟ್‌ಮೆಂಟಿನಿಂದ ಸ್ವಂತ ಮನೆಗೆ ಹೋಗುವ ಗಡಿಬಿಡಿಯಲ್ಲಿ ನಮ್ಮವರು ಇದೊಂದನ್ನು ಮರೆಯುತ್ತಾರೆ.